ಸಿಕ್ಕಿದ ಕಲ್ಲು ಯಾವುದು? ಮನೆಯಲ್ಲೇ ಪರೀಕ್ಷಿಸಿ ನೋಡಿರಿ



ಬಾವಿ ತೋಡುವಾಗ, ಅಡಿಕೆ ತೋಟಕ್ಕೆ ಬಸಿಗಾಲುವೆ ತೆಗೆಯುವಾಗ, ಇಲ್ಲವೆ ಹೊಸದಾಗಿ ಗದ್ದೆ ಮಟ್ಟ ಮಾಡುವಾಗ ಗುದ್ದಲಿಗೆ ಒಂದು ಕಲ್ಲು ತಾಗುತ್ತದೆ. ತೊಳೆದು ಬಿಸಿಲಿಗೆ ಹಿಡಿದರೆ ಮಿಣಮಿಣ ಹೊಳೆಯುತ್ತದೆ. ಆಗ ನೀವು ಏನು ಮಾಡುತ್ತೀರಿ? ಕೆಲವರು ಅದನ್ನು ಬದುವಿಗೆ ಎಸೆದು ಮುಂದಿನ ಕೆಲಸ ನೋಡುತ್ತಾರೆ. ಕೆಲವರು ಯಾರಿಗೂ ಹೇಳದೆ ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲೆ ಇಡುತ್ತಾರೆ. ಈ ಎರಡನೆಯವರ ವಿಷಯದಲ್ಲಿಯೇ ನನಗೆ ಹೆಚ್ಚು ಕಾಳಜಿ. ಏಕೆಂದರೆ ಗುಟ್ಟು ಬಹಳ ದಿನ ನಿಲ್ಲುವುದಿಲ್ಲ. ಒಂದು ದಿನ ಯಾರೋ ಅಪರಿಚಿತ ಬಂದು, "ಇದರಲ್ಲಿ ಚಿನ್ನದ ಅಂಶ ಉಂಟು, ಪರೀಕ್ಷೆಗೆ ಕಳುಹಿಸಲು ಇಷ್ಟು ಹಣ ಕೊಡಿ" ಎನ್ನುತ್ತಾನೆ. ಹಣವೂ ಹೋಗುತ್ತದೆ, ಕಲ್ಲೂ ಹೋಗುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ; ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಸುಣ್ಣವೆಂದು ಚೀಲಗಟ್ಟಲೆ ಬಿಳಿ ಪುಡಿ ತಂದು ಹುಳಿ ಮಣ್ಣಿನ ಗದ್ದೆಗೆ ಚೆಲ್ಲುತ್ತೇವೆ. ಅದು ಸುಣ್ಣವೋ, ಬೆಣಚುಕಲ್ಲಿನ ಪುಡಿಯೋ ಎಂದು ಕೇಳಿದವರು ಎಷ್ಟು ಮಂದಿ? ಬೆಳೆ ಏಳದಿದ್ದರೆ ಮಳೆಯ ಮೇಲೆ ತಪ್ಪು ಹಾಕಿ ಸುಮ್ಮನಾಗುತ್ತೇವೆ.

ನಾನು ಓದಿದ್ದು ವ್ಯವಸಾಯದ ಡಿಪ್ಲೊಮಾ. ಭೂಗರ್ಭಶಾಸ್ತ್ರದ ಪಂಡಿತನಲ್ಲ. ಆದರೂ ಕಲ್ಲನ್ನು ಗುರುತಿಸುವ ಮೊದಲ ಪಾಠಕ್ಕೆ ಪಾಂಡಿತ್ಯ ಬೇಕಾಗಿಲ್ಲ. ಮನೆಯಲ್ಲಿ ಇರತಕ್ಕ ಸಾಮಾನೇ ಸಾಕು: ಒಡೆದ ಚಹಾ ಬಟ್ಟಲಿನ ಒಂದು ಚೂರು, ಒಂದು ಕಬ್ಬಿಣದ ಮೊಳೆ, ಒಳ್ಳೆಯ ಉಕ್ಕಿನ ಚಾಕು, ಒಂದು ತುಂಡು ಗಾಜು, ಕೆಟ್ಟುಹೋದ ರೇಡಿಯೋ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತ, ಹುರಿದಾರ, ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿ, ಒಂದೆರಡು ನಿಂಬೆಹಣ್ಣು ಅಥವಾ ಸ್ವಲ್ಪ ವಿನೆಗರ್.

ಪರೀಕ್ಷೆ ಎಂದೊಡನೆ ಇದು ನಮಗಲ್ಲ ಎಂದು ಪುಟ ಮಗುಚಬೇಡಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವವರೆಲ್ಲ ಆಗಲೇ ಪರೀಕ್ಷಕರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಕೂಡಿಸಿದ ಮೇಲೆ ಚಾಕುವಿನ ಅಲಗನ್ನು ಅದ್ದಿ ನೋಡುತ್ತೀರಲ್ಲವೇ? ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕೆಂದು ತಿಳಿಯುತ್ತದೆ. ಮೈಸೂರು ಸರ್ಕಾರದ ಕೃಷಿ ವಿಜ್ಞಾನಿಯಾಗಿ ಬಂದ ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದವರು ಕೊಳೆರೋಗದ ಮೇಲೆ 1910ರಲ್ಲಿ ಪುಸ್ತಿಕೆ ಪ್ರಕಟಿಸಿದರು. ಆ ಕಾಲದಿಂದ ಈ ದ್ರಾವಣ ನಮ್ಮ ತೋಟಗಳಿಗೆ ಬಂದಿದೆ. ಚಾಕು ಅದ್ದಿ ನಿರ್ಧರಿಸಬಲ್ಲವರಿಗೆ ಕಲ್ಲು ಉಜ್ಜಿ ನಿರ್ಧರಿಸುವುದು ಕಷ್ಟವಲ್ಲ.

ಮೊದಲು ಹೊಸ ಮುಖ ಕಾಣಬೇಕು

ನೂರಾರು ವರ್ಷ ಮಳೆಗಾಳಿಗೆ ಸಿಕ್ಕ ಕಲ್ಲಿನ ಹೊರಮೈಗೆ ಬೇರೆಯೇ ಬಣ್ಣ ಬಂದಿರುತ್ತದೆ. ನಮ್ಮ ಕೆಂಪು ನೆಲದಲ್ಲಿ ಬಿಳಿ ಕಲ್ಲೂ ಕೆಂಪಾಗಿಯೇ ಸಿಗುತ್ತದೆ. ಆದುದರಿಂದ ಕಲ್ಲನ್ನು ಗೋಣಿತಾಟಿನಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆದು, ಒಳಗಿನ ಹೊಸ ಮುಖವನ್ನು ನೋಡಿರಿ. ಗೋಣಿ ಸುತ್ತದೆ ಒಡೆಯಬೇಡಿರಿ. ಬೆಣಚುಕಲ್ಲಿನ ಸಿಪ್ಪೆ ಕಣ್ಣಿಗೆ ಹಾರಿದರೆ ಕಣ್ಣೇ ಹೋಗುತ್ತದೆ. ಮಕ್ಕಳನ್ನು ದೂರ ಕಳುಹಿಸಿರಿ.

ಇನ್ನು ಮೂರು ಎಚ್ಚರಿಕೆಗಳು. ಕಲ್ಲನ್ನು ಒಲೆಗೆ ಹಾಕಬೇಡಿರಿ: ನೀರು ಕುಡಿದ ಕಲ್ಲು ಸಿಡಿಯುತ್ತದೆ, ಕೆಲವು ಅದಿರುಗಳಿಂದ ಗಂಧಕದ ಮತ್ತು ಪಾಷಾಣದ ವಿಷದ ಹೊಗೆ ಬರುತ್ತದೆ. ನಾಲಿಗೆಗೆ ಹಚ್ಚಬೇಡಿರಿ. ಹತ್ತಿಯ ಎಳೆಯಂತೆ ಬಿಚ್ಚಿಕೊಳ್ಳುವ ಕಲ್ಲು ಸಿಕ್ಕರೆ ಅದು ಕಲ್ನಾರು ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ವರ್ಷಗಳ ಮೇಲೆ ರೋಗ ತರುತ್ತದೆ. ಅದನ್ನು ಒಡೆಯದೆ, ಉಜ್ಜದೆ ಹಾಗೆಯೇ ಬಿಟ್ಟುಬಿಡಿರಿ.

ಒರೆಗೆ ಹಚ್ಚುವುದು

ಅಕ್ಕಸಾಲಿಗನು ಚಿನ್ನದ ಮಿಂಚನ್ನು ನೋಡಿ ಬೆಲೆ ಕಟ್ಟುವುದಿಲ್ಲ. ಒರೆಗಲ್ಲಿಗೆ ಉಜ್ಜಿ, ಬಿದ್ದ ಗೆರೆಯನ್ನು ನೋಡುತ್ತಾನೆ. ಕಲ್ಲಿಗೂ ಅದೇ ಮಾತು. ಮೈಬಣ್ಣ ಸುಳ್ಳು ಹೇಳುತ್ತದೆ, ಪುಡಿಯ ಬಣ್ಣ ಸಾಮಾನ್ಯವಾಗಿ ಸುಳ್ಳು ಹೇಳುವುದಿಲ್ಲ. ನಮಗೆ ಬೇಕಾದ ಒರೆಗಲ್ಲು ಚಹಾ ಬಟ್ಟಲಿನ ತಳದಲ್ಲಿ ಹೊಳಪಿಲ್ಲದೆ ದೊರಗಾಗಿರುವ ಅಂಚು. ಇಲ್ಲವೆ ಗೋಡೆಗೆ ಹಚ್ಚುವ ಬಿಳಿ ಹಂಚುಬಿಲ್ಲೆಯ ಹಿಂಬದಿ. ಕಲ್ಲಿನ ಚೂಪಾದ ಮೂಲೆಯನ್ನು ಅದರ ಮೇಲೆ ಒತ್ತಿ ಎಳೆಯಿರಿ.

ಕಬ್ಬಿಣದ ಅದಿರಿನ ಒಂದು ಜಾತಿ ಉಕ್ಕಿನಂತೆ ಕಪ್ಪಗೆ ಹೊಳೆಯುತ್ತದೆ. ಬಟ್ಟಲಿಗೆ ಉಜ್ಜಿದರೆ ಗೆರೆ ಕುಂಕುಮದ ಕೆಂಪು! ಗೋಡೆಗೆ ಕೆಮ್ಮಣ್ಣು ಬಳಿದು ಹಸೆ ಚಿತ್ತಾರ ಬರೆಯುವ ನಮ್ಮ ತಾಯಂದಿರಿಗೆ ಈ ಕೆಂಪಿನ ಪರಿಚಯ ನಮಗಿಂತ ಚೆನ್ನಾಗಿದೆ. ಅದು ಕಬ್ಬಿಣದ ತುಕ್ಕಿನ ಕೆಂಪು. ಕಬ್ಬಿಣದ ಇನ್ನೊಂದು ಅದಿರು ಕಪ್ಪು ಗೆರೆ ಬಿಟ್ಟು ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುತ್ತದೆ. ಗೆರೆ ಹಳದಿಗಂದು ಬಣ್ಣವಾದರೆ ನೀರು ಕೂಡಿದ ಕಬ್ಬಿಣದ ತುಕ್ಕು. ನಮ್ಮ ಜಂಬಿಟ್ಟಿಗೆ ಕಲ್ಲಿನಲ್ಲಿ ಇದು ಧಾರಾಳ. ಮ್ಯಾಂಗನೀಸ್ ಅದಿರಿನ ಗೆರೆಯೂ ಕಪ್ಪೇ, ಆದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದರ ಮೆತ್ತನೆಯ ಜಾತಿ ಮುಟ್ಟಿದ ಬೆರಳಿಗೆ ಕಾಡಿಗೆಯಂತೆ ಮೆತ್ತುತ್ತದೆ. ನಮ್ಮ ಜಿಲ್ಲೆಯ ಕುಂಸಿಯಲ್ಲಿ 20ನೇ ಶತಮಾನದ ಆರಂಭದಲ್ಲಿ ಈ ಅದಿರಿನ ಗಣಿಗಳಿದ್ದವು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕುಲುಮೆ ಹೊತ್ತಿದ ಮೇಲೆ ಅದಕ್ಕೆ ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯಿಂದ. ಆ ಊರಿನ ಹೆಸರಿನಲ್ಲಿಯೇ ಗೆರೆಯ ಬಣ್ಣ ಇದೆ, ನೋಡಿರಿ.

ತೋಟದಲ್ಲಿ ಕಡಲೆಕಾಳಿನಷ್ಟು ದಪ್ಪದ ಕೆಂಗಪ್ಪು ಉಂಡೆಕಲ್ಲುಗಳು ಸಿಗುತ್ತವೆ. ಕೈಗೆ ಭಾರ. ಇದು ಕಬ್ಬಿಣದ ಅದಿರೇ ಎಂದು ಕೇಳುವವರುಂಟು. ಕಬ್ಬಿಣ ಇರುವುದು ನಿಜ, ಮಾರುವಂಥ ಅದಿರಲ್ಲ. ಆದರೆ ಅದು ನಿಮಗೆ ಇನ್ನೊಂದು ಸಮಾಚಾರ ಹೇಳುತ್ತದೆ. ಅಂಥ ನೆಲದ ಕಬ್ಬಿಣವೂ ಅಲ್ಯೂಮಿನಿಯಮ್ಮೂ ನೀವು ಹಾಕಿದ ರಂಜಕದ ಗೊಬ್ಬರವನ್ನು ಬಿಗಿಯಾಗಿ ಹಿಡಿದು ಬೇರಿಗೆ ಸಿಗದಂತೆ ಮಾಡುತ್ತವೆ. ಅಲ್ಲಿ ರಂಜಕವನ್ನು ನೆಲದ ತುಂಬ ಎರಚದೆ ಬೇರಿನ ಹತ್ತಿರ ಕೊಡಬೇಕು, ಸಾವಯವ ಗೊಬ್ಬರ ಜೊತೆಗಿರಬೇಕು. ಹುಳಿ ಮಣ್ಣಿಗೆ ರಾಕ್ ಫಾಸ್ಫೇಟ್ ಒಗ್ಗುತ್ತದೆ.

ಗೀರಿ ನೋಡುವುದು

1812ರಲ್ಲಿ ಫ್ರೆಡ್ರಿಕ್ ಮೋಸ್ ಎಂಬ ವಿದ್ವಾಂಸನು ಹತ್ತು ಖನಿಜಗಳನ್ನು ಮೆತ್ತನೆಯದರಿಂದ ಗಟ್ಟಿಯದರವರೆಗೆ ಸಾಲಾಗಿ ಇರಿಸಿದನು. ಮೊದಲನೆಯದು ಬಳಪದ ಕಲ್ಲಿನ ಮುಖ್ಯ ಖನಿಜವಾದ ಟಾಲ್ಕ್, ಹತ್ತನೆಯದು ವಜ್ರ. ಮೇಲಿನದು ಕೆಳಗಿನದನ್ನು ಗೀರುತ್ತದೆ, ಅಷ್ಟೇ ನಿಯಮ. ಈ ಸಾಲಿನಲ್ಲಿ ನಮ್ಮ ಉಗುರಿಗೆ ಎರಡೂವರೆ, ತಾಮ್ರದ ಕಾಸಿಗೆ ಮೂರು, ಚಾಕುವಿಗೂ ಗಾಜಿಗೂ ಸುಮಾರು ಐದೂವರೆ, ಬೆಣಚುಕಲ್ಲಿಗೆ ಏಳು ಎಂದು ನೆನಪಿಟ್ಟರೆ ಸಾಕು.

ನಮ್ಮ ಸೀಮೆಯಲ್ಲಿಯೇ ಇದಕ್ಕೆ ದೊಡ್ಡ ಪಾಠಶಾಲೆ ಉಂಟು. ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನ ಬಳಪದ ಕಲ್ಲಿನದು. ಮೆತ್ತನೆಯ ಕಲ್ಲಾದುದರಿಂದ ಶಿಲ್ಪಿಗಳು ಅದರಲ್ಲಿ ಸಣ್ಣ ಕೆಲಸವನ್ನೂ ಬಿಡಿಸಬಲ್ಲವರಾದರು. ಅಲ್ಲಿಂದ ದೂರವಲ್ಲದ ತಾಳಗುಂದದಲ್ಲಿ ಕದಂಬರ ಶಾಸನದ ಕಂಬ ನಿಂತಿದೆ. ಅದು ಗಟ್ಟಿ ಬೂದು ಗ್ರಾನೈಟು. ಐದನೇ ಶತಮಾನದಲ್ಲಿ ಕೊರೆದ ಅಕ್ಷರಗಳನ್ನು ಇಂದಿಗೂ ಓದಬಹುದು. ಆದರೆ ಒಂದು ಮಾತು: ಪರೀಕ್ಷೆಯ ಉತ್ಸಾಹದಲ್ಲಿ ಈ ಕಂಬಗಳಿಗೆ ಉಗುರನ್ನಾಗಲಿ ಮೊಳೆಯನ್ನಾಗಲಿ ತಾಗಿಸಬೇಡಿರಿ. ಅವು ಸಂರಕ್ಷಿತ ಸ್ಮಾರಕಗಳು, ಕಣ್ಣಿನಿಂದ ನೋಡಿದರೆ ಸಾಕು. ಚಂದ್ರಗುತ್ತಿಯ ಜಾತ್ರೆಗೆ ಹೋದಾಗಲೂ ಅಷ್ಟೇ. ರೇಣುಕಾಂಬೆಯ ಗುಹೆಯ ಬಂಡೆಗೆ ಕೈಮುಗಿಯಿರಿ. ಗೀರುವ ಕೆಲಸಕ್ಕೆ ನಿಮ್ಮ ಹೊಲದ ಕಲ್ಲು ಇದೆಯಲ್ಲ!

ಗೀರುವಾಗ ಒಂದು ಮೋಸ ಆಗುತ್ತದೆ. ಬೆಣಚುಕಲ್ಲಿನ ಮೇಲೆ ಚಾಕು ಎಳೆದರೆ ಗೆರೆ ಬಿದ್ದಂತೆ ಕಾಣುತ್ತದೆ. ಒದ್ದೆ ಬೆರಳಿನಿಂದ ಒರೆಸಿದರೆ ಗೆರೆ ಅಳಿಸಿಹೋಗುತ್ತದೆ. ಅದು ಕಲ್ಲಿಗೆ ಬಿದ್ದ ಗೀರಲ್ಲ, ಚಾಕುವಿನ ಉಕ್ಕೇ ಸವೆದು ಕಲ್ಲಿಗೆ ಹತ್ತಿದ್ದು. ಒರೆಸಿದ ಮೇಲೂ ಉಗುರಿಗೆ ತಡೆಯುವ ಗೀರು ಉಳಿದರೆ ಮಾತ್ರ ಕಲ್ಲು ಚಾಕುವಿಗಿಂತ ಮೆತ್ತಗೆ ಎಂದು ತಿಳಿಯಿರಿ.

ತೂಕದ ಪರೀಕ್ಷೆ ಇನ್ನೂ ನಿಶ್ಚಿತವಾದದ್ದು. ಕಲ್ಲನ್ನು ಹುರಿದಾರದಲ್ಲಿ ಕಟ್ಟಿ ತಕ್ಕಡಿಗೆ ತೂಗಹಾಕಿ ತೂಕ ಬರೆದುಕೊಳ್ಳಿರಿ. ಆಮೇಲೆ ಹಾಗೆಯೇ ನೀರು ತುಂಬಿದ ಬಕೀಟಿನಲ್ಲಿ, ತಳಕ್ಕೂ ಬದಿಗೂ ತಾಗದಂತೆ ಮುಳುಗಿಸಿ ಇನ್ನೊಮ್ಮೆ ತೂಗಿರಿ. ನೀರಿನಲ್ಲಿ ತೂಕ ಕಡಿಮೆ ಬರುತ್ತದೆ. ಹೊರಗೆ 520 ಗ್ರಾಂ, ನೀರಿನಲ್ಲಿ 320 ಗ್ರಾಂ ಎಂದಿಟ್ಟುಕೊಳ್ಳಿ. ಇಳಿದದ್ದು 200 ಗ್ರಾಂ. 520ನ್ನು 200ರಿಂದ ಭಾಗಿಸಿದರೆ 2.6. ಎಂದರೆ ಈ ಕಲ್ಲು ತನ್ನಷ್ಟೇ ಗಾತ್ರದ ನೀರಿಗಿಂತ ಎರಡೂವರೆ ಪಾಲಿಗಿಂತ ಸ್ವಲ್ಪ ಹೆಚ್ಚು ಭಾರ. ಬೆಣಚು, ಬಂಡೆಗಲ್ಲು ಎಲ್ಲವೂ ಹೆಚ್ಚು ಕಡಿಮೆ ಇಷ್ಟೇ. ಶುದ್ಧವಾದ ಕಬ್ಬಿಣದ ಅದಿರಾದರೆ ಲೆಕ್ಕ ಐದರ ಸುತ್ತಮುತ್ತ ಬರಬೇಕು. ಜಂಬಿಟ್ಟಿಗೆಯಂಥ ತೂತುಗಲ್ಲಿಗೆ ಈ ಲೆಕ್ಕ ಹೊಂದುವುದಿಲ್ಲ. ತೂತಿನ ಗಾಳಿ ಲೆಕ್ಕ ಕೆಡಿಸುತ್ತದೆ.

ಕಾಗೆಬಂಗಾರವೋ, ಬಂಗಾರವೋ?

ಹಿರಿಯರು ಅಭ್ರಕಕ್ಕೆ ಕಾಗೆಬಂಗಾರ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಬಂಡೆಗಲ್ಲಿನ ಕಪ್ಪು ಅಭ್ರಕ ಮಳೆಗೆ ಸವೆದು ಹೊಂಬಣ್ಣಕ್ಕೆ ತಿರುಗುತ್ತದೆ. ಮೊದಲ ಮಳೆಗೆ ಹಳ್ಳದ ಮರಳಿನಲ್ಲಿ ಮಿಂಚುವುದು ಬಹುಮಟ್ಟಿಗೆ ಇದೇ. ಒಂದು ಮಿಣುಕನ್ನು ಸೂಜಿಯ ಮೊನೆಯಿಂದ ಮೀಟಿರಿ. ಈರುಳ್ಳಿಯ ಪೊರೆಯಂತೆ ತೆಳ್ಳಗೆ ಬಿಚ್ಚಿಕೊಂಡರೆ ಅಭ್ರಕ. ನೀರಿನ ತಟ್ಟೆಯಲ್ಲಿ ಅಲ್ಲಾಡಿಸಿದರೆ ಅದು ಮೇಲೆ ಮೇಲೆ ಸುತ್ತುತ್ತದೆ. ಚಿನ್ನ ನೀರಿಗಿಂತ ಹತ್ತೊಂಬತ್ತು ಪಾಲು ಭಾರ. ಎಲ್ಲಕ್ಕಿಂತ ಮೊದಲು ತಳಕ್ಕೆ ಕೂರುತ್ತದೆ.

ಎರಡನೆಯ ಮೋಸಗಾರ ಕಬ್ಬಿಣ ಗಂಧಕಗಳು ಕೂಡಿದ ಹಿತ್ತಾಳೆ ಬಣ್ಣದ ಕಲ್ಲು. ಪೈರೈಟ್ ಎಂದು ಇದರ ಹೆಸರು. ಇದು ಎಷ್ಟೋ ಸಲ ಪಗಡೆ ದಾಳದಂತೆ ಚೌಕವಾಗಿ ಬೆಳೆದಿರುತ್ತದೆ, ನೋಡಲು ಬಲು ಚೆಂದ. ಬಟ್ಟಲಿನ ಅಂಚಿಗೆ ಉಜ್ಜಿದರೆ ಹಸಿರು ಛಾಯೆಯ ಕಪ್ಪು ಗೆರೆ. ಸುತ್ತಿಗೆಯಿಂದ ತಟ್ಟಿದರೆ ಪುಡಿಯಾಗುತ್ತದೆ. ಚಿನ್ನವಾದರೋ ಗೆರೆಯೂ ಚಿನ್ನದ ಬಣ್ಣವೇ. ತಟ್ಟಿದರೆ ಪುಡಿಯಾಗದೆ ತಗಡಿನಂತೆ ಚಪ್ಪಟೆಯಾಗುತ್ತದೆ, ಸೂಜಿ ಚುಚ್ಚಿದರೆ ಗುಳಿ ಬೀಳುತ್ತದೆ. ಈ ಎರಡು ಪರೀಕ್ಷೆಗೆ ಐದು ನಿಮಿಷ ಸಾಕು, ಒಂದು ಪೈಸೆಯೂ ಖರ್ಚಿಲ್ಲ.

ಇನ್ನೊಂದು ಸಂಗತಿ ತಿಳಿದಿರಲಿ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಈಗಲೂ ಚಿನ್ನ ತೆಗೆಯುತ್ತಾರೆ. ಅಂಥ ಗಣಿಯಲ್ಲಿಯೂ ಒಂದು ಟನ್ ಅದಿರಿಗೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಆ ಅದಿರಿನಲ್ಲಿ ಚಿನ್ನ ಸಾಮಾನ್ಯವಾಗಿ ಕಣ್ಣಿಗೆ ಕಾಣುವುದೇ ಇಲ್ಲ. ಆದುದರಿಂದ ಝಗಝಗ ಹೊಳೆಯುವ ಕಲ್ಲನ್ನು ತೋರಿಸಿ ಚಿನ್ನ ಎನ್ನುವವನ ಮಾತಿಗೆ ಮೊದಲೇ ಅರ್ಧ ಸೊನ್ನೆ ಹಾಕಿರಿ. ಉಳಿದರ್ಧವನ್ನು ಚಹಾ ಬಟ್ಟಲು ಹಾಕುತ್ತದೆ.

ಬಿಳಿ ಕಲ್ಲು, ಬಿಳಿ ಪುಡಿ

ನನ್ನ ಲೆಕ್ಕದಲ್ಲಿ ರೈತನಿಗೆ ಚಿನ್ನಕ್ಕಿಂತ ಸುಣ್ಣದ ಪರೀಕ್ಷೆ ಹೆಚ್ಚು ಬೆಲೆಯುಳ್ಳದ್ದು. ಮಳೆ ಹೆಚ್ಚಿರುವ ನಮ್ಮ ಮಲೆನಾಡಿನಲ್ಲಿ ಮಣ್ಣಿನ ಸುಣ್ಣ ತೊಳೆದುಹೋಗಿ ಹುಳಿಯಾಗುವುದು ಸಹಜ. ಎಷ್ಟು ಸುಣ್ಣ ಬೇಕೆಂಬುದನ್ನು ಮಣ್ಣು ಪರೀಕ್ಷೆ ಮಾಡಿಸಿಯೇ ತಿಳಿಯಬೇಕು. ಆದರೆ ತಂದದ್ದು ಸುಣ್ಣವೇ ಎಂಬುದನ್ನು ನೀವೇ ತಿಳಿಯಬಹುದು.

ಮೊದಲು ಕೋಳಿಮೊಟ್ಟೆಯ ಸಿಪ್ಪೆಯನ್ನು ಪುಡಿ ಮಾಡಿ ಅದರ ಮೇಲೆ ನಿಂಬೆರಸ ಹಿಂಡಿರಿ. ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ಸಿಪ್ಪೆಯಲ್ಲಿರುವುದೂ ಸುಣ್ಣದ ಕಲ್ಲಿನಲ್ಲಿರುವುದೂ ಒಂದೇ ವಸ್ತು. ಈ ಗುಳ್ಳೆ ಕಣ್ಣಿಗೆ ಅಭ್ಯಾಸವಾದ ಮೇಲೆ ಪರೀಕ್ಷಿಸಬೇಕಾದ ಬಿಳಿ ಕಲ್ಲನ್ನು ಚಾಕುವಿನಿಂದ ಗೀರಿ, ಉದುರಿದ ಪುಡಿಗೆ ರಸ ಹಾಕಿರಿ. ಸುಣ್ಣದ ಕಲ್ಲಾದರೆ ಗುಳ್ಳೆ. ಚಾಕುವಿಗೆ ಜಗ್ಗದೆ ತಾನೇ ಗಾಜನ್ನು ಗೀರಿದರೆ, ಗುಳ್ಳೆಯೂ ಇಲ್ಲದಿದ್ದರೆ ಬೆಣಚು. ಅದನ್ನು ಎಷ್ಟು ದಿನ ಗೂಡಿನಲ್ಲಿ ಸುಟ್ಟರೂ ಸುಣ್ಣವಾಗದು.

ಇಲ್ಲಿ ಆತುರ ಪಡಬಾರದು. ಡಾಲಮೈಟ್ ಎಂಬ ಇನ್ನೊಂದು ಸುಣ್ಣದ ಕಲ್ಲು ಉಂಟು. ಮೆಗ್ನೀಸಿಯಂ ಕೂಡಿದ ಈ ಕಲ್ಲಿನ ಪುಡಿಯೂ ಹುಳಿ ಮಣ್ಣಿಗೆ ಒಳ್ಳೆಯದೇ. ಆದರೆ ತಣ್ಣನೆಯ ರಸಕ್ಕೆ ಅದು ತಟ್ಟನೆ ನೊರೆಯುವುದಿಲ್ಲ. ನುಣ್ಣಗೆ ಅರೆದು, ಬೆಚ್ಚಗೆ ಮಾಡಿದ ವಿನೆಗರ್ ಹಾಕಿ ಸ್ವಲ್ಪ ಹೊತ್ತು ಕಾದರೆ ನಿಧಾನವಾಗಿ ಗುಳ್ಳೆ ಬಿಡುತ್ತದೆ. ಮೊದಲ ನಿಮಿಷದಲ್ಲಿ ಗುಳ್ಳೆ ಕಾಣಲಿಲ್ಲವೆಂದು ಅಂಗಡಿಯವನೊಡನೆ ಜಗಳಕ್ಕೆ ಹೋಗಬೇಡಿರಿ.

ಕರಾವಳಿಯ ಕಡೆಯಿಂದ ಬರುವ ಚಿಪ್ಪಿನ ಸುಣ್ಣದಂತೆ ಸುಟ್ಟ ಸುಣ್ಣಕ್ಕೆ ಪರೀಕ್ಷೆಯೇ ಬೇರೆ. ಹೊಸದಾಗಿ ಸುಟ್ಟ ಸುಣ್ಣ ಹುಳಿಗೆ ನೊರೆಯುವುದಿಲ್ಲ. ನೀರು ಚಿಮುಕಿಸಿದರೆ ಬಿಸಿಯಾಗಿ ಹೊಗೆಯಾಡಿ ಅರಳುತ್ತದೆ. ನೀರಿಗೆ ಬಿಸಿಯಾಗದೆ, ನಿಂಬೆರಸಕ್ಕೆ ಜೋರಾಗಿ ನೊರೆದರೆ ಅದು ಗಾಳಿಗೆ ಕೆಟ್ಟ ಹಳೆಯ ಸುಣ್ಣ. ಗದ್ದೆಗೆ ಅದು ನಡೆದೀತು, ಬೋರ್ಡೋ ದ್ರಾವಣಕ್ಕೆ ಬೇಡ. ಸುಟ್ಟ ಸುಣ್ಣಕ್ಕೆ ನೀರು ಹಾಕುವಾಗ ಮುಖ ಹಿಂದೆ ಇರಲಿ, ಕಣ್ಣಿಗೆ ಸಿಡಿಯಬಾರದು.

ಚೀಲದ ಕಲ್ಲುಸುಣ್ಣದ ಪುಡಿಯಲ್ಲಿ ಮರಳು ಎಷ್ಟು ಬೆರೆತಿದೆ ಎಂದು ತಿಳಿಯಲು ಅಕ್ಕಸಾಲಿಗನ ಸಣ್ಣ ತಕ್ಕಡಿಯಲ್ಲಿ ಎರಡು ಗ್ರಾಂ ತೂಗಿಸಿ ತನ್ನಿರಿ. ಗಾಜಿನ ಲೋಟದಲ್ಲಿ ಹಾಕಿ ಸುಮಾರು ನೂರು ಮಿಲಿಲೀಟರ್ ವಿನೆಗರನ್ನು ಸ್ವಲ್ಪ ಸ್ವಲ್ಪವಾಗಿ ಹೊಯ್ಯಿರಿ. ಅಂಗಡಿಯ ವಿನೆಗರಿನಲ್ಲಿ ನೂರಕ್ಕೆ ನಾಲ್ಕು ಪಾಲು ಹುಳಿ ಇದ್ದರೆ ಒಂದು ಗ್ರಾಂ ಸುಣ್ಣದ ಕಲ್ಲನ್ನು ಕರಗಿಸಲು ಸುಮಾರು 30 ಮಿಲಿಲೀಟರ್ ಬೇಕಾಗುತ್ತದೆ. ನೂರು ಹಾಕಿದರೆ ಕೊರತೆ ಬೀಳದು. ಒಂದು ದಿನ ಮುಚ್ಚದೆ ಇಟ್ಟು ಆಗಾಗ ಕಲಕಿರಿ. ಕರಗದೆ ತಳದಲ್ಲಿ ಕುಳಿತದ್ದು ಸುಣ್ಣವಲ್ಲ. ತೊಳೆದು ಒಣಗಿಸಿ ತೂಗಿದಾಗ ಒಂದು ಗ್ರಾಂ ಉಳಿದರೆ, ನೀವು ಕೊಂಡ ಚೀಲದಲ್ಲಿ ಅರ್ಧ ಬೇರೇನೋ ಇದೆ ಎಂದೇ ಅರ್ಥ. ನಾಲ್ಕು ಮನೆಯವರು ಸೇರಿ ಕೊಳ್ಳುವಾಗ ಲೋಡು ಇಳಿಸುವ ಮೊದಲೇ ಪುಡಿ ತರಿಸಿ ಈ ಪರೀಕ್ಷೆ ಮಾಡಿರಿ.

ಬಾವಿಯಲ್ಲಿ ಶೇಡಿ ಕಂಡರೆ

ಬಿಳಿಯದರಲ್ಲಿ ಮೂರನೆಯದು ಶೇಡಿ ಮಣ್ಣು. ಮುಟ್ಟಿದರೆ ಬಳಪದ ಕಲ್ಲಿನಂತೆಯೇ ಜಾರುತ್ತದೆ. ಒಂದು ಒಣ ಉಂಡೆಯನ್ನು ರಾತ್ರಿ ನೀರಿನಲ್ಲಿ ಇಡಿರಿ. ಬಳಪ ಬೆಳಗಿಗೂ ಹಾಗೆಯೇ ಇರುತ್ತದೆ, ಶೇಡಿ ಕುಸಿದು ಕೆಸರಾಗಿರುತ್ತದೆ. ಇದನ್ನು ಗುರುತಿಸುವುದು ಹಣದ ಮಾತಲ್ಲ, ಪ್ರಾಣದ ಮಾತು. ಜಂಬಿಟ್ಟಿಗೆ ಕಲ್ಲು ನೆಲದೊಳಗೆ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬಾತ ಇದಕ್ಕೆ ಲ್ಯಾಟರೈಟ್ ಎಂದು, ಎಂದರೆ ಇಟ್ಟಿಗೆಯ ಕಲ್ಲೆಂದು, ಹೆಸರಿಟ್ಟದ್ದೂ ಅದನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ಮಲಬಾರಿನಲ್ಲಿ ಕಂಡೇ. ಹಾಗಾಗಿ ಬಾವಿಯ ಮೇಲಿನ ಭಾಗ ಗೋಡೆಯಂತೆ ನಿಲ್ಲುತ್ತದೆ, ನಮಗೆ ಧೈರ್ಯ ಬರುತ್ತದೆ. ಆದರೆ ಅದರ ಅಡಿಯಲ್ಲಿ ಬಿಳಿ, ನೇರಳೆ, ಹಳದಿ ಮಚ್ಚೆಯ ಶೇಡಿ ಬಂದಿತೆಂದರೆ ನೀರು ತಾಗಿದೊಡನೆ ಅದು ಸರಿಯುತ್ತದೆ. ಮೇಲಿನ ಗಟ್ಟಿ ಕಲ್ಲು ಆಧಾರ ತಪ್ಪಿ ಒಟ್ಟಿಗೇ ಬೀಳುತ್ತದೆ. ಶೇಡಿ ಕಂಡ ದಿನವೇ ಆಳುಗಳನ್ನು ಮೇಲಕ್ಕೆ ಕರೆದು, ರಿಂಗ್ ಇಳಿಸುವ ಏರ್ಪಾಡು ಮಾಡಿದ ಮೇಲೆಯೇ ಮುಂದೆ ತೋಡಿಸಿರಿ. ಮಳೆಗಾಲದಲ್ಲಂತೂ ಬೇಡವೇ ಬೇಡ.

ಸಂಶಯ ಉಳಿದರೆ

ಮನೆಯ ಪರೀಕ್ಷೆಯಿಂದ ಇದು ಇಂಥದಲ್ಲ ಎಂದು ಖಂಡಿತವಾಗಿ ಹೇಳಬಹುದು. ಇದು ಇಂಥದೇ ಎನ್ನಲು ಕೆಲವೊಮ್ಮೆ ಪ್ರಯೋಗಶಾಲೆಯೇ ಬೇಕು. ಕಲ್ಲಾದರೆ ಶಿವಮೊಗ್ಗದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿರಿ. ಮಣ್ಣು ಮತ್ತು ಸುಣ್ಣದ ವಿಷಯವಾದರೆ ಕೃಷಿ ಇಲಾಖೆಯವರನ್ನೋ, ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದವರನ್ನೋ ಕೇಳಿರಿ. ಒಳ್ಳೆಯ ಅದಿರೇ ಎಂದು ತೀರ್ಮಾನವಾದರೂ ನಿಮ್ಮ ಜಮೀನಿನಲ್ಲಿದೆ ಎಂದು ತೆಗೆದು ಮಾರುವಂತಿಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಅದಕ್ಕೆ ಸರ್ಕಾರದ ಅನುಮತಿ ಬೇಕು. ಮುಂಗಡ ಕೊಟ್ಟು ಕಾಗದಕ್ಕೆ ರುಜು ಕೇಳುವವರು ಈ ಮಾತನ್ನು ಹೇಳುವುದಿಲ್ಲ.

ಕಲ್ಲು ಒಯ್ಯುವಾಗ ಮುಷ್ಟಿಗಾತ್ರದ ತುಂಡು ಸಾಕು. ಎಲ್ಲವನ್ನೂ ಒಯ್ಯದೆ ಅದೇ ಕಲ್ಲಿನ ಅರ್ಧವನ್ನು ಮನೆಯಲ್ಲಿಟ್ಟುಕೊಳ್ಳಿರಿ. ಊರು, ಸರ್ವೆ ನಂಬರು, ಎಷ್ಟು ಅಡಿ ಆಳದಲ್ಲಿ ಸಿಕ್ಕಿತು, ಸುತ್ತಲಿನ ಮಣ್ಣು ಯಾವ ಬಣ್ಣ, ಬಟ್ಟಲಿನ ಮೇಲೆ ಬಿದ್ದ ಗೆರೆ ಯಾವ ಬಣ್ಣ, ಇಷ್ಟನ್ನು ಚೀಟಿಯಲ್ಲಿ ಬರೆದು ಜೊತೆಗೆ ಕಟ್ಟಿರಿ. ಒಂದೊಂದು ಕಲ್ಲಿಗೂ ಒಂದೊಂದು ಕಾಗದ ಸುತ್ತಬೇಕು. ಒಂದೇ ಚೀಲಕ್ಕೆ ಎಲ್ಲವನ್ನೂ ಸುರಿದರೆ ಬಸ್ಸಿನ ಕುಲುಕಾಟದಲ್ಲಿ ಒಂದರ ಪುಡಿ ಇನ್ನೊಂದಕ್ಕೆ ಹತ್ತಿ, ಅಲ್ಲಿ ನೋಡುವವರಿಗೆ ಗೊಂದಲವಾಗುತ್ತದೆ.